ತಿದ್ದಿದ ಮೇಲೆ ಮತ್ತೆ ಬರೆದ ಹಾಳೆ ಎಲ್ಲಿ?



ಕಳೆದ ಯುಗಾದಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕುಳಿತು, ಕನ್ನಡ ಪಾಠದ ನಡುವೆಯೂ ಗಣಿತದ ಲೆಕ್ಕ ಬಿಡಿಸುತ್ತಿದ್ದ ಹುಡುಗ ಆತ. ಈಗ ಲೆಕ್ಕಪರಿಶೋಧನೆಯ ಸರ್ಕಾರಿ ನೌಕರಿಯಲ್ಲಿದ್ದಾನೆ. ಊರಿಂದೂರಿಗೆ ತಿರುಗಿ ಪಂಚಾಯತಿಗಳ ಲೆಕ್ಕ ನೋಡುವುದೇ ಅವನ ಕಾಯಕ. ಒಬ್ಬಟ್ಟು ತಿಂದು, ಕುಶಲ ಮಾತಾಡಿದ ಮೇಲೆ ಅವನು ಸ್ವಲ್ಪ ಬೇಸರದಿಂದಲೇ ಹೇಳಿದ: “ಸಾರ್, ನಾವು ಹೋದಲ್ಲೆಲ್ಲ ಕಾಫಿ ಬೇಗ ಬರುತ್ತದೆ, ಕಡತ ಮಾತ್ರ ನಿಧಾನವಾಗಿ ಬರುತ್ತದೆ. ಹಗಲಿರುಳು ಕೂತು ಆಕ್ಷೇಪಣೆ ಬರೆಯುತ್ತೇವೆ. ಮುಂದಿನ ವರ್ಷ ಹೋಗಿ ನೋಡಿದರೆ ಅದೇ ಆಕ್ಷೇಪಣೆ ಅದೇ ಜಾಗದಲ್ಲಿ ಕೂತಿರುತ್ತದೆ. ನಾವು ಮಾಡಿದ ಕೆಲಸದಿಂದ ಆದದ್ದಾದರೂ ಏನು ಸಾರ್?”

ಆ ಕ್ಷಣದಲ್ಲಿ ನನಗೆ ಉತ್ತರ ತೋಚಲಿಲ್ಲ. ಅವನು ಹೊರಟುಹೋದ ಮೇಲೆ ಜಗಲಿಯಲ್ಲಿ ಕುಳಿತು ಯೋಚಿಸುತ್ತಿದ್ದಂತೆ, ಉತ್ತರದ ಒಂದು ತುದಿ ನನ್ನದೇ ಬದುಕಿನಲ್ಲಿ ಇದೆಯೆಂದು ತೋರಿತು. ಅದನ್ನು ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಇದುವರೆಗೆ ಈ ಪುಟದಲ್ಲಿ ನಿಮ್ಮ ತಪ್ಪುಗಳನ್ನು ನೆನೆದು ನಕ್ಕವನು ನಾನು. ಈ ಸಲ ನನ್ನ ಸರದಿ.

ಮೊದಲು ಶಾಲೆಯಿಂದಲೇ ಆರಂಭಿಸುತ್ತೇನೆ. 1991ರ ಮಾತು. ನಾನಾಗ ಸಹಶಿಕ್ಷಕ. ವಾರ್ಷಿಕ ತಪಾಸಣೆಗೆಂದು ವಿಷಯ ಪರಿವೀಕ್ಷಕರೊಬ್ಬರು ಬರುವವರಿದ್ದರು. ಹಿಂದಿನ ವಾರವೆಲ್ಲ ಶಾಲೆಗೆ ಸುಣ್ಣ ಹೊಡೆದದ್ದೇ ಹೊಡೆದದ್ದು. ನಾನೂ ಕಡಿಮೆಯೇನಲ್ಲ. ಬಿ.ಎಡ್. ಓದುವಾಗ ಕಲಿತ ರೀತಿಯಲ್ಲಿ, ಕೋಷ್ಟಕ ಎಳೆದು, ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಂದು ಅಂಕಣಗಳನ್ನು ತುಂಬಿ ಇಡೀ ವರ್ಷದ ಪಾಠಯೋಜನೆಯನ್ನು ಹೊಸದಾಗಿ ಬರೆದಿಟ್ಟಿದ್ದೆ. ಮಕ್ಕಳ ಪ್ರಬಂಧದ ಪುಸ್ತಕಗಳಲ್ಲಿ ಒಂದು ತಪ್ಪನ್ನೂ ಬಿಡದೆ ಕೆಂಪು ಶಾಯಿಯಲ್ಲಿ ತಿದ್ದಿದ್ದೆ. ಪ್ರಶಂಸೆ ಖಚಿತವೆಂದು ನಂಬಿಯೇ ಇದ್ದೆ.

ಬಂದವರು ಹೆಚ್ಚು ಮಾತಿನವರಲ್ಲ. ಪಾಠಯೋಜನೆಯನ್ನು ಪಕ್ಕಕ್ಕಿಟ್ಟು, ಪ್ರಬಂಧದ ಪುಸ್ತಕಗಳನ್ನು ಒಂದೊಂದಾಗಿ ತಿರುವಿದರು. ಕೆಂಪು ಗುರುತುಗಳ ಮೇಲೆ ಬೆರಳಾಡಿಸುತ್ತ ಒಂದೇ ಪ್ರಶ್ನೆ ಕೇಳಿದರು: “ಮೇಷ್ಟ್ರೇ, ತಿದ್ದಿದ್ದೀರಿ, ಸಂತೋಷ. ತಿದ್ದಿದ ಮೇಲೆ ಹುಡುಗ ಮತ್ತೆ ಬರೆದ ಹಾಳೆ ಎಲ್ಲಿ?”

ಅಂಥ ಹಾಳೆ ಇರಲಿಲ್ಲ. ಒಬ್ಬ ಹುಡುಗ ಜೂನ್‌ನಲ್ಲಿ ಮಾಡಿದ ಒತ್ತಕ್ಷರದ ತಪ್ಪನ್ನೇ ಜನವರಿಯಲ್ಲಿಯೂ ಮಾಡಿದ್ದ. ನಾನು ಎರಡು ಸಲವೂ ಅಷ್ಟೇ ಶ್ರದ್ಧೆಯಿಂದ ಅದರ ಸುತ್ತ ವೃತ್ತ ಎಳೆದಿದ್ದೆ. ನನ್ನ ಕೆಂಪು ಶಾಯಿ ಖರ್ಚಾಗಿತ್ತು, ಹುಡುಗನ ಕನ್ನಡ ಇದ್ದಲ್ಲೇ ಇತ್ತು. ಅಂದಿನಿಂದ ನಿಮಗೆಲ್ಲ ‘ಎಡಪುಟದಲ್ಲಿ ತಪ್ಪು, ಬಲಪುಟದಲ್ಲಿ ಶುದ್ಧಪ್ರತಿ’ ಎಂಬ ಕಾಟ ಶುರುವಾಯಿತು. ಅದು ನನ್ನ ಸ್ವಂತ ಬುದ್ಧಿಯೆಂದು ನೀವು ಭಾವಿಸಿದ್ದರೆ ಕ್ಷಮಿಸಿ. ಆ ಪುಣ್ಯಾತ್ಮರು ಕೇಳಿದ ಪ್ರಶ್ನೆಯ ಫಲ ಅದು.

ಇನ್ನು ಪಂಚಾಯತಿಯ ವಿಚಾರಕ್ಕೆ ಬರುತ್ತೇನೆ. ನಮ್ಮ ನಾಡಿನಲ್ಲಿ ಸ್ಥಳೀಯ ಆಡಳಿತದ ಪ್ರಯೋಗಕ್ಕೆ ಒಳ್ಳೆಯ ಚರಿತ್ರೆಯಿದೆ. 1983ರಲ್ಲಿ ರೂಪುಗೊಂಡ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯತಿಗಳೂ ಬಂದವು. ಹಳ್ಳಿಗಳಿಗೆ ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ ಅವರು ಆ ಕಾರ್ಯದ ಹಿಂದಿನ ಶಕ್ತಿ. ಬಳಿಕ ಸಂವಿಧಾನದ 73ನೆಯ ತಿದ್ದುಪಡಿ, ಅದನ್ನು ಅನುಸರಿಸಿ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಬಂದು ಇಂದಿನ ಗ್ರಾಮ ಪಂಚಾಯತಿಗಳು ಹುಟ್ಟಿಕೊಂಡವು. ಅಧಿಕಾರ ಬಂದಲ್ಲಿಗೆ ಹಣ ಬರುತ್ತದೆ. ಹಣ ಬಂದಲ್ಲಿಗೆ ಲೆಕ್ಕ ಬರಲೇಬೇಕಲ್ಲ!

ಒಂದು ಗ್ರಾಮ ಪಂಚಾಯತಿಯನ್ನು ಹೊರಗಿನವರು ಎಷ್ಟು ಬಗೆಯಲ್ಲಿ ನೋಡುತ್ತಾರೆಂಬುದು ನನಗೂ ನಿವೃತ್ತನಾಗುವವರೆಗೆ ತಿಳಿದಿರಲಿಲ್ಲ. ಮೊದಲನೆಯದು ನನ್ನ ಶಿಷ್ಯನಂಥವರು ಮಾಡುವ ಲೆಕ್ಕಪರಿಶೋಧನೆ. ನಗದು ಪುಸ್ತಕ, ರಶೀದಿ, ಓಚರು, ಕರವಸೂಲಿಯ ವಹಿ, ಇವನ್ನೆಲ್ಲ ತಾಳೆ ನೋಡಿ ಅವರು ಆಕ್ಷೇಪಣೆಗಳನ್ನು ಬರೆಯುತ್ತಾರೆ. ಪಂಚಾಯತಿಯು ಅದಕ್ಕೆ ಅನುಪಾಲನಾ ವರದಿ ಕೊಡಬೇಕು. ಎರಡನೆಯದು ಜಮಾಬಂದಿ. ಈ ಮಾತು ಹಳೆಯ ಕಂದಾಯದ ಕಾಲದ್ದು. ವರ್ಷಕ್ಕೊಮ್ಮೆ ಊರಿನ ಕಂದಾಯದ ಲೆಕ್ಕವನ್ನು ಮೇಲಧಿಕಾರಿ ಬಂದು ತೀರ್ಮಾನಿಸುತ್ತಿದ್ದ ಪದ್ಧತಿ. 2000ದಲ್ಲಿ ಪಂಚಾಯತಿಗಳಿಗಾಗಿ ಜಮಾಬಂದಿಯ ನಿಯಮಗಳು ಬಂದು, ಹಿಂದಿನ ವರ್ಷದ ಕಾಮಗಾರಿಗಳನ್ನೂ ಲೆಕ್ಕವನ್ನೂ ಜನರೆದುರಿಗೆ ಪರಿಶೀಲಿಸಬೇಕೆಂದಾಯಿತು. ಮೂರನೆಯದು ಸಾಮಾಜಿಕ ಪರಿಶೋಧನೆ.

ಈ ಮೂರನೆಯದರ ಬೇರು ರಾಜಸ್ಥಾನದಲ್ಲಿದೆ. ಅಲ್ಲಿ ಕೂಲಿಕಾರರೂ ರೈತರೂ ಸೇರಿ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಕಟ್ಟಿದರು. 1994ರ ಡಿಸೆಂಬರಿನಲ್ಲಿ ಕೋಟ್‌ಕಿರಾಣಾ ಎಂಬ ಊರಿನಲ್ಲಿ ಮೊದಲ ಬಾರಿಗೆ ‘ಜನಸುನವಾಯಿ’, ಅಂದರೆ ಜನರೆದುರಿನ ವಿಚಾರಣೆ, ನಡೆಯಿತು. ಮಾಡಿದ್ದು ಬಹಳ ಸರಳವಾದ ಕೆಲಸ: ಕಚೇರಿಯ ಹಾಜರಿಪಟ್ಟಿಯನ್ನೂ ಬಿಲ್ಲುಗಳನ್ನೂ ಊರಿನ ನಡುವೆ ಗಟ್ಟಿಯಾಗಿ ಓದಿದರು. ಹೆಸರಿದ್ದವರು ಎದ್ದು, ‘ನಾನು ಈ ಕೆಲಸಕ್ಕೆ ಹೋಗಲೇ ಇಲ್ಲ’ ಎಂದರು. ‘ನಮ್ಮ ಹಣ, ನಮ್ಮ ಲೆಕ್ಕ’ ಎಂಬ ಅವರ ಘೋಷಣೆ ಮುಂದೆ ಮಾಹಿತಿ ಹಕ್ಕಿನ ಹೋರಾಟವಾಯಿತು. 2005ರಲ್ಲಿ ಮಾಹಿತಿ ಹಕ್ಕಿನ ಕಾಯ್ದೆಯೂ ಬಂತು, ಉದ್ಯೋಗ ಖಾತರಿ ಕಾಯ್ದೆಯೂ ಬಂತು. ಉದ್ಯೋಗ ಖಾತರಿಯ ಕಾಯ್ದೆಯ 17ನೆಯ ಪ್ರಕರಣವು ಗ್ರಾಮಸಭೆಯಿಂದಲೇ ಕಾಮಗಾರಿಗಳ ಸಾಮಾಜಿಕ ಪರಿಶೋಧನೆ ಆಗಬೇಕೆಂದು ವಿಧಿಸಿತು. 2011ರ ನಿಯಮಗಳು ಅದಕ್ಕೊಂದು ಶಿಸ್ತು ತಂದವು: ಆರು ತಿಂಗಳಿಗೊಮ್ಮೆಯಾದರೂ ಪರಿಶೋಧನೆ ಆಗಬೇಕು, ಕಡತಗಳನ್ನು ಮುಂಚಿತವಾಗಿ ಒಪ್ಪಿಸಬೇಕು, ಪರಿಶೀಲಿಸುವ ಸಂಪನ್ಮೂಲ ವ್ಯಕ್ತಿಗಳು ಅದೇ ಪಂಚಾಯತಿಯ ನಿವಾಸಿಗಳಾಗಿರಬಾರದು. ತನ್ನ ಬೆನ್ನು ತನಗೆ ಕಾಣದು ಎಂಬ ಮಾತನ್ನು ಕಾನೂನಿನ ಭಾಷೆಯಲ್ಲಿ ಹೀಗೆ ಬರೆದಿದ್ದರೆನ್ನಬಹುದು.

ಲೆಕ್ಕ ನೋಡುವುದು ಹಿಂದಿನ ವರ್ಷದ ಮಾತಾದರೆ, ಮುಂದಿನ ವರ್ಷದ ಮಾತು ಅಭಿವೃದ್ಧಿ ಯೋಜನೆ. 14ನೆಯ ಹಣಕಾಸು ಆಯೋಗದ ಅನುದಾನ 2015ರಿಂದ ನೇರವಾಗಿ ಗ್ರಾಮ ಪಂಚಾಯತಿಗಳಿಗೆ ಬರತೊಡಗಿದಾಗ, ಪ್ರತಿ ಪಂಚಾಯತಿಯೂ ಗ್ರಾಮಸಭೆಯಲ್ಲಿ ಜನರ ಬೇಡಿಕೆ ಕೇಳಿ ವಾರ್ಷಿಕ ಯೋಜನೆ ತಯಾರಿಸಬೇಕೆಂದಾಯಿತು. ಹಿಂದಿನ ವರ್ಷ ಏನು ಬಾಕಿ ಉಳಿಯಿತು ಎಂಬ ಸತ್ಯ ತಿಳಿಯದೆ ಮುಂದಿನ ವರ್ಷಕ್ಕೆ ಏನು ಬೇಕು ಎಂದು ಬರೆಯುವುದು ಹೇಗೆ? ಪರಿಶೋಧನೆಗೂ ಯೋಜನೆಗೂ ಇರುವ ಈ ಕೊಂಡಿಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮೂರ ಕೆಳಗೇರಿಯ ಒಂದು ಚರಂಡಿಯಿಂದ ಕಲಿತೆ.

2019ರಲ್ಲಿ ನಿವೃತ್ತನಾಗಿ ನಾನು ಹುಟ್ಟಿದೂರಿಗೆ ಮರಳಿದೆ. 2021ರ ಡಿಸೆಂಬರಿನ ಒಂದು ಸಂಜೆ, ಪಂಚಾಯತಿಯಲ್ಲಿ ಕೆಲಸಕ್ಕಿದ್ದ ನನ್ನ ಶಿಷ್ಯನೊಬ್ಬ ಮನೆಗೆ ಬಂದ. ಕಂಕುಳಲ್ಲಿ ಗ್ರಾಮಸಭೆಯ ನಡವಳಿ ಪುಸ್ತಕ. “ಸಾರ್, ಮೊನ್ನೆ ಸಭೆ ಆಯಿತು. ಜನ ಕಡಿಮೆ ಬಂದಿದ್ದರು. ಕೋರಂಗೆ ಇನ್ನೊಂದಿಷ್ಟು ಸಹಿ ಬೇಕಾಗಿದೆ. ತಮ್ಮದೊಂದು ಆದರೆ ಪುಸ್ತಕಕ್ಕೇ ಒಂದು ಶೋಭೆ” ಎಂದ. ಸಹಿ ಹಾಕಿಸಿಕೊಂಡು ಬಾ ಎಂದು ಅವನಿಗೆ ಹೇಳಿದವರು ಯಾರೋ. ಅವನಂತೂ ಹೇಳಿದ್ದನ್ನು ಮಾಡಲೇಬೇಕಾದ ಸಣ್ಣ ಸಂಬಳದವನು. ನನ್ನಾಕೆ ಕಾಫಿ ತಂದಳು. ನಾನು ಕನ್ನಡಕ ಹುಡುಕಲೂ ಹೋಗದೆ, ಅವನು ಬೆರಳಿಟ್ಟು ತೋರಿಸಿದ ಗೆರೆಯ ಮೇಲೆ, ಹೆಸರಿನ ಮುಂದೆ ‘ಬಿ.ಎ., ಬಿ.ಎಡ್., ನಿವೃತ್ತ ಪ್ರೌಢಶಾಲಾ ಶಿಕ್ಷಕರು’ ಎಂದು ಪೂರ್ತಿಯಾಗಿ ಬರೆದು ಸಹಿ ಹಾಕಿದೆ. ಸಭೆಗೆ ನಾನು ಹೋಗಿರಲಿಲ್ಲ. ಪುಟದ ಮೇಲೆ ಏನು ಬರೆದಿದೆಯೆಂದು ಓದಲೂ ಇಲ್ಲ. ‘ಓದದೆ ಸಹಿ ಹಾಕಬೇಡಿರೋ’ ಎಂದು ಮೂವತ್ತು ವರ್ಷ ನಿಮಗೆ ಬೋಧಿಸಿದವನು!

ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಕಳೆಯಿತು. 2023ರ ಫೆಬ್ರವರಿಯಲ್ಲಿ ನಮ್ಮ ಪಂಚಾಯತಿಗೆ ಸಾಮಾಜಿಕ ಪರಿಶೋಧನೆಯ ತಂಡ ಬಂತು. ಬೇರೆ ಪಂಚಾಯತಿಗಳ ನಾಲ್ಕೈದು ಮಂದಿ ಯುವಕ ಯುವತಿಯರು. ಕೈಯಲ್ಲಿ ಉದ್ದದ ಟೇಪು, ಒಂದು ಕಟ್ಟು ನಮೂನೆಗಳು. ಮನೆಮನೆಗೆ ಹೋಗಿ ಉದ್ಯೋಗ ಚೀಟಿ ನೋಡಿದರು, ಎಷ್ಟು ದಿನ ಕೆಲಸ ಮಾಡಿದಿರಿ, ಕೂಲಿ ಖಾತೆಗೆ ಬಂತೇ ಎಂದು ಕೇಳಿ ಬರೆದುಕೊಂಡರು. ಬಿಸಿಲಲ್ಲಿ ಟೇಪು ಹಿಡಿದು ಬದು, ಕಟ್ಟೆ, ಚರಂಡಿಗಳನ್ನು ಅಳೆದರು. ನನಗೆ ಸಂತೋಷವಾಗಿ, ಅವರನ್ನು ಕರೆದು ಮಜ್ಜಿಗೆ ಕೊಟ್ಟೆ. ‘ನೀವು ಮಾಡುತ್ತಿರುವುದು ದೊಡ್ಡ ಕೆಲಸ’ ಎಂದು ಉಪದೇಶವನ್ನೂ ಮಾಡಿದೆ.

ವಾರದ ಕೊನೆಗೆ ಗ್ರಾಮಸಭೆ. ಆ ಸಲ ನಾನು ಹೋದೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತೆ. ತಂಡದ ಹುಡುಗಿಯೊಬ್ಬಳು ವರದಿ ಓದತೊಡಗಿದಳು. ಆರೇಳು ಕಾಮಗಾರಿಗಳು ಸರಿಯಾಗಿಯೇ ಇದ್ದವು, ಅದನ್ನೂ ಹೇಳಿದಳು. ಆಮೇಲೆ ಕೆಳಗೇರಿಯ ಚರಂಡಿಯ ಸರದಿ ಬಂತು. ಅಳತೆ ಪುಸ್ತಕದಲ್ಲಿ 118 ಮೀಟರ್, ಟೇಪಿನಲ್ಲಿ 76 ಮೀಟರ್. ಉಳಿದ ನಲವತ್ತೆರಡು ಮೀಟರ್ ಕಾಗದದ ಮೇಲೆ ಮಾತ್ರ ಹರಿಯುತ್ತಿತ್ತು. ನಿಜವಾದ ನೀರು ಕೊನೆಯ ಒಂಬತ್ತು ಮನೆಗಳ ಬಾಗಿಲ ಮುಂದೆ ನಿಲ್ಲುತ್ತಿತ್ತು.

ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಈ ಚರಂಡಿ ಪೂರ್ಣಗೊಂಡಿದೆಯೆಂದು 2021ರ ಡಿಸೆಂಬರಿನ ಗ್ರಾಮಸಭೆ ಸರ್ವಾನುಮತದಿಂದ ಒಪ್ಪಿದೆ. ಆ ಕಾರಣದಿಂದ ಮುಂದಿನ ವರ್ಷದ ಕ್ರಿಯಾಯೋಜನೆಯಿಂದ ಇದನ್ನು ಕೈಬಿಡಲಾಗಿದೆ” ಎಂದು ನಡವಳಿಯನ್ನು ಓದಿ, ಪುಸ್ತಕವನ್ನು ಎತ್ತಿ ಸಭೆಗೆ ತೋರಿಸಿದಳು. ಹೆಬ್ಬೆಟ್ಟುಗಳ ಮತ್ತು ಗೀಚುಗಳ ನಡುವೆ ನನ್ನ ದುಂಡಗಿನ ಅಕ್ಷರಗಳು, ಪದವಿಗಳ ಸಮೇತ, ದೂರದಿಂದಲೇ ಗುರುತು ಸಿಗುವಂತಿದ್ದವು.

ಹಿಂದಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಕೆಳಗೇರಿಯವಳು, ಅವಳ ಮಗಳು ನನ್ನ ಶಿಷ್ಯೆ. ಕೋಪವೇನೂ ಇಲ್ಲದ ದನಿಯಲ್ಲಿ ಹೇಳಿದಳು: “ಮೇಷ್ಟ್ರೇ ರುಜು ಹಾಕವ್ರೆ ಅಂದ್ಮೇಲೆ ಚರಂಡಿ ಆಗೇ ಇರ್ಬೇಕು. ನಮ್ಮ ಕಣ್ಣೇ ಸರಿಯಿಲ್ಲ ಬಿಡಿ.”

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ನನ್ನ ವೃತ್ತಿಜೀವನದಲ್ಲಿ ಯಾವ ಮೇಲಧಿಕಾರಿಯೂ ನನ್ನನ್ನು ಹಾಗೆ ಪರಿಶೋಧಿಸಿರಲಿಲ್ಲ. ಸುಮ್ಮನೆ ಕುಳಿತಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಬೇರೆ ಸಹಿ ಹಾಕಿದವರೂ ಸುಮ್ಮನೆಯೇ ಇದ್ದರು. ಆದರೆ ಕಾಲು ತಾನಾಗಿ ಎದ್ದಿತು. “ಆ ಸಭೆಗೆ ನಾನು ಬಂದಿರಲಿಲ್ಲ. ಮನೆಯಲ್ಲಿ ಕುಳಿತು, ಓದದೆ ಸಹಿ ಮಾಡಿದೆ. ಚರಂಡಿಯನ್ನು ನಾನು ನೋಡಿಲ್ಲ. ಈ ಮಾತನ್ನು ವರದಿಯಲ್ಲಿ ಬರೆದುಕೊಳ್ಳಿ” ಎಂದೆ. ಹೇಳುವಾಗ ನನ್ನ ದೃಷ್ಟಿ ತಾನಾಗಿಯೇ ಮೂಲೆಯಲ್ಲಿ ನಿಂತಿದ್ದ ಆ ಶಿಷ್ಯನ ಕಡೆಗೆ ಹೋಯಿತು. ಅವನು ತಲೆ ತಗ್ಗಿಸಿದ್ದ. ನಾನು ನನ್ನ ತಪ್ಪನ್ನು ಒಪ್ಪಿಕೊಂಡೆನೋ, ಅವನ ತಪ್ಪನ್ನು ಊರಿಗೆ ಹೇಳಿಬಿಟ್ಟೆನೋ? ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅವನಿಗೆ ನೋಟಿಸು ಬಂತು. ಅವನನ್ನು ಕಳಿಸಿದವರಿಗೆ ಬಂದ ಸುದ್ದಿ ನನಗಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ‘ಸತ್ಯಕ್ಕೆ ಜಯ’ ಎಂದು ಬರೆದು ಮುಗಿಸಬಹುದಾಗಿತ್ತು. ಮುಂದಾದದ್ದು ಬೇರೆ. ಹೆಚ್ಚುವರಿಯಾಗಿ ಪಾವತಿಯಾದ ಹಣವನ್ನು ವಸೂಲು ಮಾಡಬೇಕೆಂದು ಆದೇಶವಾಯಿತು. ಕೆಲವು ತಿಂಗಳಲ್ಲಿ ಒಂದಿಷ್ಟು ಹಣ ಖಜಾನೆಗೆ ಮರಳಿತು. ಕಡತದ ಮೇಲೆ ‘ಕ್ರಮ ವಹಿಸಲಾಗಿದೆ’ ಎಂಬ ಷರಾ ಬಿತ್ತು. ಪರಿಶೋಧನೆಯ ದೃಷ್ಟಿಯಿಂದ ಕಂಡಿಕೆ ತೀರಿತು. ಆದರೆ ಕೆಳಗೇರಿಯ ಒಂಬತ್ತು ಮನೆಗಳ ಮುಂದೆ ಆ ಜೂನಿನಲ್ಲಿಯೂ ನೀರು ನಿಂತಿತು! ಹಣದ ತಪ್ಪನ್ನು ತಿದ್ದಿದ್ದರು. ಚರಂಡಿಯನ್ನು ಯಾರೂ ಮತ್ತೆ ಬರೆದಿರಲಿಲ್ಲ. ಮೂವತ್ತೆರಡು ವರ್ಷಗಳ ಹಿಂದೆ ಆ ಪರಿವೀಕ್ಷಕರು ಕೇಳಿದ್ದ ಪ್ರಶ್ನೆ ನನಗೆ ಆಗ ಪೂರ್ತಿ ಅರ್ಥವಾಯಿತು.

ಅದೇ ವರ್ಷ ಮಗಳ ಮನೆಗೆಂದು ಕೆಲವು ತಿಂಗಳು ಇಂಗ್ಲೆಂಡಿಗೆ ಹೋಗಿದ್ದೆವು. ಅಲ್ಲಿಯವರ ಸ್ಥಳೀಯ ಆಡಳಿತ ಬಹಳ ಅಚ್ಚುಕಟ್ಟು, ನಮ್ಮ ಕೊರತೆಗಳೆಲ್ಲ ಅಲ್ಲಿಲ್ಲ ಎಂಬ ಕಲ್ಪನೆ ನನಗಿತ್ತು. ಸೆಪ್ಟೆಂಬರ್ 5ರಂದು ಪತ್ರಿಕೆ, ಟಿ.ವಿ.ಗಳ ತುಂಬ ಒಂದೇ ಸುದ್ದಿ. ಬರ್ಮಿಂಗ್‌ಹ್ಯಾಮ್ ನಗರದ ಕೌನ್ಸಿಲ್ ‘ಸೆಕ್ಷನ್ 114’ರ ನೋಟಿಸು ಹೊರಡಿಸಿತ್ತು. ಕಾನೂನಿನಂತೆ ಮಾಡಲೇಬೇಕಾದ ಸೇವೆಗಳನ್ನು ಬಿಟ್ಟು ಹೊಸ ಖರ್ಚು ಮಾಡುವಂತಿಲ್ಲ ಎಂಬುದು ಅದರ ಸಾರ. ಮಹಿಳಾ ನೌಕರರಿಗೆ ಸಮಾನ ವೇತನದ ಬಾಕಿಯ ದೊಡ್ಡ ಹೊರೆ, ಹೊಸ ಕಂಪ್ಯೂಟರ್ ವ್ಯವಸ್ಥೆಯೊಂದರ ವೈಫಲ್ಯ ಮುಂತಾದವು ಕಾರಣಗಳು. ಮರುತಿಂಗಳೇ ಸರ್ಕಾರ ಅಲ್ಲಿಗೆ ಆಯುಕ್ತರನ್ನು ಕಳಿಸಿತು. 2024ರ ಏಪ್ರಿಲಿನಿಂದ ಅಲ್ಲಿನ ನಾಗರಿಕರ ಕೌನ್ಸಿಲ್ ತೆರಿಗೆ ಶೇಕಡ 10ರ ಹತ್ತಿರ ಏರಿತು.

ಕುತೂಹಲದಿಂದ ಅಳಿಯನನ್ನು ಕೇಳಿ, ಊರಿನ ಗ್ರಂಥಾಲಯದಲ್ಲಿ ಕುಳಿತು ಓದಿ, ಕೆಲವು ಸಂಗತಿ ತಿಳಿದುಕೊಂಡೆ. ಆ ದೇಶದಲ್ಲಿ 1983ರಲ್ಲಿ ಆಡಿಟ್ ಕಮಿಷನ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. 2002ರಲ್ಲಿ ಅದು ದೊಡ್ಡ ಕೌನ್ಸಿಲ್‌ಗಳ ಲೆಕ್ಕವನ್ನಷ್ಟೇ ಅಲ್ಲ, ಶಾಲೆ, ವಸತಿ, ಕಸವಿಲೇವಾರಿ, ವೃದ್ಧರ ಆರೈಕೆ ಮೊದಲಾದ ಸೇವೆಗಳ ಗುಣವನ್ನೂ, ಸುಧಾರಿಸಿಕೊಳ್ಳುವ ಸಾಮರ್ಥ್ಯವನ್ನೂ ಅಳೆದು, ನಾವು ಪ್ರಗತಿಪತ್ರದಲ್ಲಿ ಬರೆಯುವ ಹಾಗೆ ಶ್ರೇಣಿ ಕೊಟ್ಟಿತು. 150 ಕೌನ್ಸಿಲ್‌ಗಳಲ್ಲಿ 22 ಅತ್ಯುತ್ತಮ, 54 ಉತ್ತಮ, 39 ಸಾಧಾರಣ, 22 ದುರ್ಬಲ, 13 ಕಳಪೆ. ಕಳಪೆಯೆನಿಸಿಕೊಂಡವರು ಸುಧಾರಣಾ ಯೋಜನೆ ಮಾಡಬೇಕು, ಸರ್ಕಾರ ಅದರ ಮೇಲೆ ಕಣ್ಣಿಡುತ್ತದೆ. ಅವಮಾನಕ್ಕೆ ಹೆದರಿ ಎಷ್ಟೋ ಕೌನ್ಸಿಲ್‌ಗಳು ಮುಂದಿನ ವರ್ಷಗಳಲ್ಲಿ ಮೇಲೆದ್ದವು. ಶ್ರೇಣಿಗಾಗಿಯೇ ಕಡತ ಸಿಂಗರಿಸುತ್ತಾರೆ, ಪರಿಶೋಧಕರನ್ನು ಮೆಚ್ಚಿಸುವುದೇ ಒಂದು ಕೆಲಸವಾಗಿಬಿಟ್ಟಿದೆ ಎಂಬ ದೂರೂ ಕೇಳಿಬಂತು. ಪರೀಕ್ಷೆಗಾಗಿಯೇ ಪಾಠ ಮಾಡುವುದನ್ನು ಬಲ್ಲ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಖರ್ಚು ಹೆಚ್ಚೆಂದು ಆ ಕಮಿಷನ್ನನ್ನೇ ರದ್ದುಪಡಿಸುವುದಾಗಿ 2010ರಲ್ಲಿ ಘೋಷಿಸಿದರು. 2015ರ ಮಾರ್ಚಿನಲ್ಲಿ ಅದು ಮುಚ್ಚಿಹೋಯಿತು. ಲೆಕ್ಕ ನೋಡುವ ಹೊಣೆ ಖಾಸಗಿ ಸಂಸ್ಥೆಗಳ ಪಾಲಾಯಿತು. ಮುಂದೆ ಪರಿಶೋಧನೆಗಳು ವರ್ಷದಿಂದ ವರ್ಷಕ್ಕೆ ತಡವಾಗುತ್ತ ಹೋಗಿ, 2022-23ರ ಲೆಕ್ಕದಲ್ಲಿ ಗಡುವಿನೊಳಗೆ ಪರಿಶೋಧನೆ ಮುಗಿದು ಪ್ರಕಟವಾದದ್ದು ಶೇಕಡ 1ರಷ್ಟು ಮಾತ್ರ. ಕೆಂಪು ಶಾಯಿ ಹೆಚ್ಚಾದರೆ ಮಗು ಹೆದರುತ್ತದೆ, ನಿಜ. ಪುಸ್ತಕ ತೆಗೆದು ನೋಡುವವರೇ ಇಲ್ಲದಿದ್ದರೆ ತಪ್ಪು ತಪ್ಪೆಂದು ತಿಳಿಯುವುದೇ ಇಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಗತಿ ಬರುತ್ತದೆ.

ಅಲ್ಲಿ ನನಗೆ ಮೆಚ್ಚುಗೆಯಾದ ಸಂಗತಿಯೂ ಒಂದಿದೆ. ವರ್ಷಕ್ಕೊಮ್ಮೆ ಮೂವತ್ತು ಕೆಲಸದ ದಿನಗಳ ಕಾಲ ಕೌನ್ಸಿಲ್‌ನ ಲೆಕ್ಕಪತ್ರಗಳನ್ನು ಜನರು ನೋಡಬಹುದು; ಅಲ್ಲಿನ ಮತದಾರ ನೇರವಾಗಿ ಪರಿಶೋಧಕರಿಗೇ ಪ್ರಶ್ನೆ ಹಾಕಬಹುದು. ಎಷ್ಟು ಮಂದಿ ಹೋಗಿ ನೋಡುತ್ತಾರೆಂದು ಅಳಿಯನನ್ನು ಕೇಳಿದೆ. ಅವನು ನಕ್ಕು, “ನಾನಂತೂ ಹೋಗಿಲ್ಲ ಮಾವ” ಎಂದ. ಕಣ್ಣ ಮುಂದೆ ನನ್ನ ದುಂಡಗಿನ ಸಹಿ ಬಂದು ನಿಂತಿತು. ಬಾಗಿಲು ತೆರೆದಿದ್ದರೂ ಒಳಗೆ ಹೋಗದವರು ಎರಡೂ ದೇಶಗಳಲ್ಲಿ ಇದ್ದಾರೆ.

ಊರಿಗೆ ಮರಳಿದ ಮೇಲೆ, ಆ ಡಿಸೆಂಬರಿನ ಗ್ರಾಮಸಭೆಗೆ ಹೋದೆ. ಹೊಸ ಯೋಜನೆಗೆ ಬೇಡಿಕೆ ಬರೆಯುವ ಕಾರ್ಯ ಇನ್ನೇನು ಆರಂಭವಾಗಬೇಕು, ಕೈಯೆತ್ತಿ ಒಂದು ವಿನಂತಿ ಮಾಡಿದೆ: “ಹೊಸದನ್ನು ಬರೆಯುವ ಮೊದಲು ಹೋದ ವರ್ಷದ ಪಟ್ಟಿಯನ್ನು, ಪರಿಶೋಧನೆಯಲ್ಲಿ ಕಂಡ ತಪ್ಪುಗಳ ಸಮೇತ, ಒಮ್ಮೆ ಗಟ್ಟಿಯಾಗಿ ಓದಿ. ಒಂದೊಂದಕ್ಕೂ ‘ಈಗ ಹೇಗಿದೆ’ ಎಂದು ಜನರನ್ನೇ ಕೇಳಿ.” ಕೆಲವರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಯಾರೋ, “ಮೇಷ್ಟ್ರು ಹಾಜರಿ ಕೂಗ್ತಾರೆ ಕಣ್ರೋ” ಎಂದರು. ಕೂಗಿದ್ದು ಹಾಜರಿಯೇ ಆಗಿತ್ತು. ಮನುಷ್ಯರ ಬದಲು ಕಾಮಗಾರಿಗಳ ಹಾಜರಿ.

ಹೊಸದಾಗಿ ಬಂದಿದ್ದ ಪಂಚಾಯತಿ ಅಭಿವೃದ್ಧಿ ಅಧಿಕಾರಿಣಿ ಸಹನೆಯುಳ್ಳವರು. ಪಟ್ಟಿ ತರಿಸಿದರು. ಒಂಬತ್ತು ಬಾಬುಗಳು. ನಾಲ್ಕು ಮುಗಿದಿದ್ದವು, ಎರಡು ಅರ್ಧ, ಮೂರು ಆರಂಭವೇ ಆಗಿರಲಿಲ್ಲ. ಚರಂಡಿ ಆ ಪಟ್ಟಿಯಲ್ಲೇ ಇರಲಿಲ್ಲ. ಪರಿಶೋಧನೆಯ ವರದಿಯಲ್ಲಿ ಮಾತ್ರ ಇತ್ತು. ಅದನ್ನು ಹೊಸ ಯೋಜನೆಯ ಮೊದಲ ಬಾಬಾಗಿ ಬರೆಯಿರಿ ಎಂದು ಕೆಳಗೇರಿಯ ಅದೇ ಹೆಂಗಸು ಹೇಳಿದಳು. ಆ ಅಧಿಕಾರಿಣಿ ಸ್ವತಃ ಒಂದು ಹಾಳೆಯಲ್ಲಿ ಗೆರೆ ಎಳೆದು ನಾಲ್ಕು ಅಂಕಣ ಮಾಡಿದರು: ಕಂಡ ಕೊರತೆ, ಹೊಣೆ ಯಾರದು, ಎಂದಿನೊಳಗೆ, ಈಗ ಹೇಗಿದೆ. ನನ್ನ ಹಳೆಯ ಪಾಠಯೋಜನೆಯ ನೆನಪಾಗಿ ನನಗೆ ನಗು ಬಂತು. ಅಂದು ನಾನು ಕೊನೆಯ ಅಂಕಣವನ್ನು ಮುಂಗಡವಾಗಿಯೇ ತುಂಬಿಟ್ಟಿದ್ದೆ. ಅವರು ಅದನ್ನು ಖಾಲಿ ಬಿಟ್ಟರು. ಅದನ್ನು ತುಂಬಬೇಕಾದವರು ಮುಂದಿನ ಸಭೆಯ ಜನ.

2024ರ ಮೇ ತಿಂಗಳಲ್ಲಿ ಉಳಿದ ನಲವತ್ತೆರಡು ಮೀಟರ್ ಚರಂಡಿ ಆಯಿತು. ನಾನೇ ಹೋಗಿ ನೋಡಿದೆ. ಈ ಸಲ ಟೇಪು ಹಿಡಿದವರು ಆ ಒಂಬತ್ತು ಮನೆಯವರೇ. ಎಲ್ಲವೂ ಸರಿಯಾಯಿತೆಂದು ಹೇಳಲಾರೆ. ಒಂದು ಕಡೆ ಇಳಿಜಾರು ತಪ್ಪಿ ನೀರು ಸ್ವಲ್ಪ ನಿಲ್ಲುತ್ತಿತ್ತು. ಮುಂದಿನ ಸಭೆಯಲ್ಲಿ ‘ಈಗ ಹೇಗಿದೆ’ ಎಂಬ ಅಂಕಣದಲ್ಲಿ ಅದನ್ನೂ ಬರೆಸಿದರು. ಶುದ್ಧಪ್ರತಿಯಲ್ಲಿಯೂ ಒಂದು ತಪ್ಪು ಉಳಿಯುವುದುಂಟು, ಮತ್ತೊಮ್ಮೆ ಬರೆಯಬೇಕು.

ಆ ಶಿಷ್ಯ ದಾರಿಯಲ್ಲಿ ಸಿಕ್ಕಿದರೆ ನಮಸ್ಕಾರ ಮಾಡುತ್ತಾನೆ, ನಿಂತು ಮಾತಾಡುವುದಿಲ್ಲ. ನಮ್ಮ ಜಗಲಿ ಹತ್ತಿ ಬಂದು ಮೂರು ವರ್ಷದ ಮೇಲಾಯಿತು. ಅಂದು ಸಂಜೆ ಕಾಫಿ ಕೊಡುವ ಬದಲು, ‘ಕೂತುಕೋಪ್ಪ, ಓದಿ ನೋಡೋಣ’ ಎಂದಿದ್ದರೆ ಅವನೂ ಉಳಿಯುತ್ತಿದ್ದ, ನಾನೂ ಉಳಿಯುತ್ತಿದ್ದೆ. ಅವನು ಈ ಪುಟವನ್ನು ಓದುತ್ತಾನೋ ಇಲ್ಲವೋ. ಓದಿದರೆ ಹೇಳಬೇಕಾದದ್ದು ಇಷ್ಟೇ: ಆ ಪುಸ್ತಕದಲ್ಲಿ ನಿನ್ನ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ಏಕೆಂದರೆ ಬೇಡವೆನ್ನುವ ಸ್ವಾತಂತ್ರ್ಯ ನನಗಿತ್ತು, ನಿನಗಿರಲಿಲ್ಲ. ಜಗಲಿ ಇದ್ದಲ್ಲೇ ಇದೆ.

ಯುಗಾದಿಯ ಮರುದಿನ ಪ್ರಶ್ನೆ ಕೇಳಿದ ಲೆಕ್ಕಪರಿಶೋಧಕ ಶಿಷ್ಯನಿಗೆ ಈಗ ಉತ್ತರ ಹೇಳುತ್ತೇನೆ. ಮಗೂ, ನಿನ್ನ ಕೆಲಸ ವ್ಯರ್ಥವಲ್ಲ. ಹೊರಗಿನಿಂದ ಬಂದ ಆ ಹುಡುಗಿ ಟೇಪು ಹಿಡಿಯದಿದ್ದರೆ ನಲವತ್ತೆರಡು ಮೀಟರ್ ಸುಳ್ಳು ನಮ್ಮೂರಿನಲ್ಲಿ ಸತ್ಯವಾಗಿಯೇ ಉಳಿಯುತ್ತಿತ್ತು. ಆದರೆ ಆಕ್ಷೇಪಣೆ ಬರೆಯುವುದು ಅರ್ಧ ಪಾಠ ಮಾತ್ರ. ಉಳಿದರ್ಧ ನಿನ್ನ ಕೈಯಲ್ಲಿಲ್ಲ, ಊರಿನವರ ಕೈಯಲ್ಲಿದೆ. ಮುಂದಿನ ಸಲ ಯಾವುದಾದರೂ ಪಂಚಾಯತಿಗೆ ಹೋದಾಗ, ‘ಕ್ರಮ ವಹಿಸಲಾಗಿದೆ’ ಎಂಬ ಷರಾ ಕಂಡರೆ, ಸುಮ್ಮನೆ ಆ ಪರಿವೀಕ್ಷಕರಂತೆ ಒಂದು ಪ್ರಶ್ನೆ ಕೇಳಿ ನೋಡು: ಮತ್ತೆ ಬರೆದ ಹಾಳೆ ಎಲ್ಲಿ?

ಉಳಿದವರಿಗೂ ಒಂದು ಮಾತು. ನೀವು ಬೆಂಗಳೂರಿನ ವಾರ್ಡಿನಲ್ಲಿರಿ, ನಮ್ಮಂಥ ಹಳ್ಳಿಯಲ್ಲಿರಿ, ಕಡಲಾಚೆಯ ಊರಿನಲ್ಲಿರಿ, ನಿಮ್ಮ ಊರಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಯಾರೋ ಎಲ್ಲೋ ಓದುತ್ತಿರುತ್ತಾರೆ. ಒಂದು ಸಲ ಹೋಗಿ ಹಿಂದಿನ ಬೆಂಚಿನಲ್ಲಾದರೂ ಕುಳಿತು ಬನ್ನಿ. ಸಹಿ ಕೇಳಿದರೆ ಮೊದಲು ಕನ್ನಡಕ ಹಾಕಿಕೊಳ್ಳಿ.

ಎಲ್ಲರಿಗೂ ಒಳ್ಳೆಯದಾಗಲಿ.